ನೆಗಡಿ–ಜ್ವರದ ಗುಳಿಗೆಯೂ ನದಿಯ ನೀರೂ: ಮೂಸಿ, ಭೀಮಾ, ಕೃಷ್ಣಾ ತೀರದ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಮಕ್ತಲ್: ಮಳೆಗಾಲ ಹಿಂದೆ ಸರಿದು ಚಳಿ ಬೀಳತೊಡಗಿದೊಡನೆ ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಹೆಚ್ಚುತ್ತವೆ. ನೆಗಡಿ, ಕೆಮ್ಮು, ಮೈಕೈ ನೋವು, ಜ್ವರ. ಮೂರು ದಿನ ಬಿಟ್ಟು ಮಗು ಮರಳಿ ಬಂದಾಗ ಅದರ ಚೀಲದಲ್ಲಿ ಅರ್ಧ ಖಾಲಿಯಾದ ಗುಳಿಗೆಯ ಪಟ್ಟಿಯೊಂದು ಇದ್ದೇ ಇರುತ್ತದೆ. ಹೀಗೆ ಮರಳಿ ಬಂದ ಏಳನೆಯ ತರಗತಿಯ ಬಾಲಕಿಯೊಬ್ಬಳು ವಿಜ್ಞಾನದ ಪಾಠದ ನಡುವೆ ಎದ್ದುನಿಂತು, “ನುಂಗಿದ ಗುಳಿಗೆ ಜ್ವರ ಇಳಿಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಸರ್?” ಎಂದು ಕೇಳಿದಳು. ಪಠ್ಯಪುಸ್ತಕದಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತಾ ಹೋದ ನಮಗೆ ದೊರೆತ ಸಂಗತಿಗಳನ್ನು ಪೋಷಕರಿಗೂ ಮಕ್ಕಳಿಗೂ ಒಟ್ಟಿಗೆ ಉಪಯೋಗವಾಗಲೆಂದು ಇಲ್ಲಿ ಕ್ರಮವಾಗಿ ಕೊಟ್ಟಿದ್ದೇವೆ.

ಔಷಧದ ಶೇಷ ಎಂದರೇನು?

ನಾವು ಸೇವಿಸಿದ ಔಷಧವೆಲ್ಲವೂ ದೇಹದಲ್ಲಿ ಕರಗಿ ಇಲ್ಲವಾಗುವುದಿಲ್ಲ. ಒಂದು ಪಾಲು ಯಕೃತ್ತಿನಲ್ಲಿ ಬೇರೆ ರೂಪಕ್ಕೆ ತಿರುಗುತ್ತದೆ. ಇನ್ನೊಂದು ಪಾಲು ಇದ್ದಂತೆಯೇ ಮಲಮೂತ್ರದ ಮೂಲಕ ಹೊರಬೀಳುತ್ತದೆ. ಹೊರಬಿದ್ದ ಈ ಭಾಗ ಚರಂಡಿ, ನಾಲಾ, ಹಳ್ಳಗಳ ಮಾರ್ಗವಾಗಿ ನದಿ ಸೇರಿದಾಗ ಅದನ್ನು ಔಷಧದ ಶೇಷ ಎನ್ನುತ್ತಾರೆ. ಶೇಷಗಳು ನೀರಿಗೆ ಬರುವ ದಾರಿಗಳು ಮೂರು. ಮೊದಲನೆಯದು ಜನರ ದೇಹದಿಂದ ಹೊರಬಿದ್ದು ಒಳಚರಂಡಿಗೆ ಸೇರುವುದು. ಎರಡನೆಯದು ಉಳಿದ ಹಾಗೂ ಅವಧಿ ಮೀರಿದ ಔಷಧವನ್ನು ಬಚ್ಚಲಿಗೆ, ಕಸದ ಗುಂಡಿಗೆ ಎಸೆಯುವುದು. ಮೂರನೆಯದು ಔಷಧ ತಯಾರಿಸುವ ಕಾರ್ಖಾನೆಗಳ ತ್ಯಾಜ್ಯ ನೀರು. ಮೊದಲ ಎರಡು ದಾರಿಗಳಲ್ಲಿ ಬರುವ ಪ್ರಮಾಣ ಅಲ್ಪ, ಆದರೆ ನಿರಂತರ. ಮೂರನೆಯ ದಾರಿಯಲ್ಲಿ ಪ್ರಮಾಣವೇ ಭಾರಿ.

ಈ ವಿಷಯದಲ್ಲಿ ಬಳಸುವ ಅಳತೆಗಳನ್ನು ಮಕ್ಕಳಿಗೆ ಹೀಗೆ ತಿಳಿಸಬಹುದು. ಲೀಟರಿಗೆ 1 ಮೈಕ್ರೊಗ್ರಾಂ ಎಂದರೆ 10 ಲಕ್ಷ ಲೀಟರ್ ನೀರಿನಲ್ಲಿ 1 ಗ್ರಾಂ. ಲೀಟರಿಗೆ 1 ನ್ಯಾನೊಗ್ರಾಂ ಎಂದರೆ 100 ಕೋಟಿ ಲೀಟರ್ ನೀರಿನಲ್ಲಿ 1 ಗ್ರಾಂ. ಇಷ್ಟು ಸೂಕ್ಷ್ಮ ಪ್ರಮಾಣವನ್ನೂ ಇಂದಿನ ಪ್ರಯೋಗಾಲಯಗಳು ಗುರುತಿಸಬಲ್ಲವು. ಆದುದರಿಂದ “ನೀರಿನಲ್ಲಿ ಔಷಧ ಸಿಕ್ಕಿತು” ಎಂಬ ಸುದ್ದಿಯನ್ನು ಓದಿದಾಗ, ಎಷ್ಟು ಸಿಕ್ಕಿತು ಎಂಬುದನ್ನು ಮೊದಲು ನೋಡಬೇಕು.

ನೆಗಡಿ–ಜ್ವರದ ಔಷಧಗಳ ಗುಣ

ಒಸೆಲ್ಟಾಮಿವಿರ್: ಫ್ಲೂ ವೈರಾಣುವಿನ ವಿರುದ್ಧ ಕೊಡುವ ಔಷಧ. ‘ಟ್ಯಾಮಿಫ್ಲೂ’ ಎಂಬ ಹೆಸರಿನಲ್ಲಿ ಪ್ರಸಿದ್ಧ. ಹೈದರಾಬಾದಿನ ಹೆಟೆರೊ ಸಂಸ್ಥೆ 2005ರಲ್ಲಿ ಮೂಲ ಕಂಪನಿಯಾದ ರೋಷ್‌ನಿಂದ ಪರವಾನಗಿ ಪಡೆದು ‘ಫ್ಲೂವಿರ್’ ಎಂಬ ಹೆಸರಿನಲ್ಲಿ ಇದನ್ನು ತಯಾರಿಸತೊಡಗಿತು. ನುಂಗಿದ ಔಷಧದಲ್ಲಿ ಕನಿಷ್ಠ ಶೇ. 75ರಷ್ಟು ಯಕೃತ್ತಿನಲ್ಲಿ ಒಸೆಲ್ಟಾಮಿವಿರ್ ಕಾರ್ಬಾಕ್ಸಿಲೇಟ್ ಎಂಬ ಸಕ್ರಿಯ ರೂಪ ತಾಳುತ್ತದೆ. ಆ ಸಕ್ರಿಯ ರೂಪ ಮತ್ತೆ ಒಡೆಯದೆ ಮೂತ್ರದ ಮೂಲಕ ಹೊರಬರುತ್ತದೆ. ವಯಸ್ಕರಿಗೆ 75 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ, ಐದು ದಿನ, ಅಂದರೆ ಒಟ್ಟು 750 ಮಿಲಿಗ್ರಾಂ ಕೊಡುವುದು ವಾಡಿಕೆ. ಅದರಲ್ಲಿ ಸುಮಾರು 500 ಮಿಲಿಗ್ರಾಂ ಸಕ್ರಿಯ ಔಷಧವಾಗಿಯೇ ಚರಂಡಿ ಸೇರುತ್ತದೆ. ಒಂದು ನಗರದಲ್ಲಿ ಒಂದು ಲಕ್ಷ ಮಂದಿ ಈ ಚಿಕಿತ್ಸೆ ಪಡೆದರೆ ಚರಂಡಿಗೆ ಸೇರುವುದು ಸುಮಾರು 50 ಕಿಲೋಗ್ರಾಂ. ಎಂಟನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಪ್ಯಾರಾಸಿಟಮಾಲ್: ಜ್ವರ ಇಳಿಸುವ ಈ ಗುಳಿಗೆಯ ಬಹುಪಾಲು ದೇಹದಲ್ಲಿಯೇ ರೂಪ ಬದಲಿಸುತ್ತದೆ, ಇದ್ದಂತೆ ಹೊರಬರುವುದು ಅತ್ಯಲ್ಪ. ಚೆನ್ನಾಗಿ ನಡೆಯುವ ಚರಂಡಿ ನೀರು ಶುದ್ಧೀಕರಣ ಘಟಕದಲ್ಲಿ ಬ್ಯಾಕ್ಟೀರಿಯಾಗಳು ಇದನ್ನು ಬಹುಮಟ್ಟಿಗೆ ಕರಗಿಸಿಬಿಡುತ್ತವೆ. ಹೀಗಾಗಿ ಯಾವುದಾದರೂ ನದಿಯಲ್ಲಿ ಪ್ಯಾರಾಸಿಟಮಾಲ್ ಅಧಿಕವಾಗಿ ಸಿಕ್ಕಿತೆಂದರೆ, ಆ ಊರಿನ ಚರಂಡಿ ನೀರು ಶುದ್ಧಿಯಾಗದೆ ನೇರವಾಗಿ ನದಿಗೆ ಬೀಳುತ್ತಿದೆ ಎಂದು ಬಗೆಯಬಹುದು.

ಸೆಟ್ರಿಜಿನ್: ಸುರಿಯುವ ಮೂಗಿಗೆ, ಸೀನಿಗೆ ಕೊಡುವ ಗುಳಿಗೆ. ಇದರ ಹೆಚ್ಚಿನ ಪಾಲು ಬದಲಾಗದೆ ಮೂತ್ರದಲ್ಲಿ ಹೊರಬರುತ್ತದೆ.

ಡೈಕ್ಲೋಫಿನ್ಯಾಕ್: ಮೈಕೈ ನೋವಿನ ಗುಳಿಗೆ. ದನಕರುಗಳಿಗೆ ಕೊಟ್ಟ ಈ ಔಷಧ ಅವುಗಳ ಕಳೇಬರವನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ನಮ್ಮ ದೇಶದಲ್ಲಿ ಆ ಸಂತತಿಯನ್ನೇ ಬಹುತೇಕ ಅಳಿಸಿಹಾಕಿತು. 2006ರಲ್ಲಿ ಕೇಂದ್ರ ಸರಕಾರ ಇದರ ಪಶುಚಿಕಿತ್ಸಾ ಬಳಕೆಯನ್ನು ನಿಷೇಧಿಸಿತು. ಮನುಷ್ಯರಿಗಾಗಿ ಮಾಡಿದ ಔಷಧವೊಂದು ಪರಿಸರದಲ್ಲಿ ಏನು ಮಾಡಬಲ್ಲುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಅಜಿತ್ರೊಮೈಸಿನ್ ಮೊದಲಾದ ಪ್ರತಿಜೈವಿಕಗಳು: ಇವು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧಗಳೇ ಹೊರತು ವೈರಾಣುಗಳನ್ನಲ್ಲ. ನೆಗಡಿಯೂ ಫ್ಲೂ ಕೂಡ ವೈರಾಣುವಿನಿಂದ ಬರುವ ಕಾಯಿಲೆಗಳು. ಆದರೂ ಔಷಧದ ಅಂಗಡಿಗೆ ಹೋಗಿ “ಜೋರಿನ ಗುಳಿಗೆ ಕೊಡಿ” ಎಂದು ಕೇಳಿ ಪಡೆಯುವ ರೂಢಿ ನಮ್ಮ ಹಳ್ಳಿಗಳಲ್ಲಿ ಬೇರೂರಿದೆ. ಹೀಗೆ ನುಂಗಿದ ಅಜಿತ್ರೊಮೈಸಿನ್ ಜ್ವರಕ್ಕೂ ಉಪಯೋಗವಾಗದೆ, ಬಹುಪಾಲು ಬದಲಾಗದೆಯೇ ಹೊರಬಿದ್ದು ನೀರು ಸೇರುತ್ತದೆ.

ಜಪಾನಿನ ನದಿಗಳಲ್ಲಿ ಕಂಡುಬಂದದ್ದು

ತಲಾವಾರು ಲೆಕ್ಕದಲ್ಲಿ ಒಸೆಲ್ಟಾಮಿವಿರ್ ಅನ್ನು ಅತಿ ಹೆಚ್ಚು ಬಳಸುತ್ತಿದ್ದ ದೇಶ ಜಪಾನ್. ಸಾಮಾನ್ಯ ಚರಂಡಿ ಶುದ್ಧೀಕರಣ ಘಟಕಗಳು ಈ ಔಷಧವನ್ನು ತೆಗೆದುಹಾಕಲಾರವು ಎಂದು ಸ್ವೀಡನ್ನಿನ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಬಳಿಕ ಕ್ಯೋಟೊ ಪ್ರದೇಶದಲ್ಲಿ ಫ್ಲೂ ಹಂಗಾಮಿನಲ್ಲಿಯೇ ನೀರಿನ ಮಾದರಿಗಳನ್ನು ಸಂಗ್ರಹಿಸಲಾಯಿತು. 2008–09ರ ಚಳಿಗಾಲದಲ್ಲಿ ಅಲ್ಲಿನ ನದಿ ನೀರಿನಲ್ಲಿ ಲೀಟರಿಗೆ ಸುಮಾರು 190 ನ್ಯಾನೊಗ್ರಾಂವರೆಗೆ, ಶುದ್ಧೀಕರಣ ಘಟಕದಿಂದ ಹೊರಬಂದ ನೀರಿನಲ್ಲಿ ಸುಮಾರು 293 ನ್ಯಾನೊಗ್ರಾಂವರೆಗೆ ಸಕ್ರಿಯ ಔಷಧ ದೊರೆಯಿತು. ಓಜೋನ್ ಬಳಸಿ ಮೂರನೆಯ ಹಂತದ ಶುದ್ಧೀಕರಣ ಮಾಡುವ ಘಟಕಗಳಲ್ಲಿ ಶೇಷ ಕಡಿಮೆಯಾಯಿತೆಂಬುದೂ ಗೊತ್ತಾಯಿತು.

ಇದು ಏಕೆ ಮುಖ್ಯ? ಫ್ಲೂ ವೈರಾಣುಗಳ ಸಹಜ ನೆಲೆ ನೀರುಹಕ್ಕಿಗಳು, ವಿಶೇಷವಾಗಿ ಬಾತುಗಳು. ಔಷಧದ ಶೇಷವಿರುವ ನೀರಿನಲ್ಲಿ ಈಜಿ, ಅದನ್ನೇ ಕುಡಿಯುವ ಬಾತುವಿನ ಹೊಟ್ಟೆಯಲ್ಲಿ ವೈರಾಣು ಇದ್ದರೆ, ಔಷಧಕ್ಕೆ ಬಗ್ಗದ ವೈರಾಣು ಉಳಿದು ಬೆಳೆಯಬಹುದು. 2011ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗವೊಂದರಲ್ಲಿ ಲೀಟರಿಗೆ ಸುಮಾರು 1 ಮೈಕ್ರೊಗ್ರಾಂ ಔಷಧವಿದ್ದ ನೀರನ್ನು ಬಾತುಗಳಿಗೆ ಕೊಟ್ಟಾಗ, ಅವುಗಳಲ್ಲಿದ್ದ ಎಚ್1ಎನ್1 ವೈರಾಣುವಿನಲ್ಲಿ ಔಷಧ ನಿರೋಧಕ ಬದಲಾವಣೆ ಕಾಣಿಸಿಕೊಂಡಿತು. ಇದು ಪ್ರಯೋಗಾಲಯದಲ್ಲಿ ನಡೆದ ಸಂಗತಿ, ಮತ್ತು ಆ ಪ್ರಮಾಣ ಕ್ಯೋಟೊ ನದಿಯಲ್ಲಿ ಕಂಡದ್ದಕ್ಕಿಂತ ಹಲವು ಪಟ್ಟು ಹೆಚ್ಚು ಎಂಬುದನ್ನು ಮರೆಯಬಾರದು. ಆದರೆ ಎಚ್ಚರಿಕೆಯ ಕಾರಣ ಸ್ಪಷ್ಟವಾಗಿದೆ: ಮುಂದೊಂದು ದಿನ ಮಹಾಸೋಂಕು ಬಂದಾಗ ನಮ್ಮ ಕೈಯಲ್ಲಿರುವ ಔಷಧ ಕೆಲಸ ಮಾಡಬೇಕು.

ಹೈದರಾಬಾದ್ ಮತ್ತು ಮೂಸಿ

ನಮ್ಮ ರಾಜ್ಯದ ರಾಜಧಾನಿಯ ಕಥೆ ಜಪಾನಿನದಕ್ಕಿಂತ ಭಿನ್ನ. ಅಲ್ಲಿ ಜನ ನುಂಗಿದ ಔಷಧ ನದಿ ಸೇರಿತು. ಇಲ್ಲಿ ಜನರ ಬಾಯಿಗೆ ಹೋಗುವ ಮೊದಲೇ, ತಯಾರಿಕೆಯ ಹಂತದಲ್ಲಿಯೇ ಔಷಧ ನೀರು ಸೇರಿತು. ಹೈದರಾಬಾದಿನ ಹೊರವಲಯದ ಪಟಾನ್‌ಚೆರು ಪ್ರದೇಶದಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯವನ್ನು ಶುದ್ಧೀಕರಿಸುತ್ತಿದ್ದ ಸಾಮೂಹಿಕ ಘಟಕದಿಂದ ಹೊರಬರುವ ನೀರನ್ನು ಸ್ವೀಡನ್ನಿನ ಜೋಕಿಮ್ ಲಾರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಡುಕಿದ 59 ಔಷಧಗಳ ಪೈಕಿ 11 ಔಷಧಗಳು ಲೀಟರಿಗೆ 100 ಮೈಕ್ರೊಗ್ರಾಂಗಿಂತ ಹೆಚ್ಚಿದ್ದವು. ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೈವಿಕವಂತೂ ಲೀಟರಿಗೆ 31,000 ಮೈಕ್ರೊಗ್ರಾಂವರೆಗೆ ಇತ್ತು. ಅಂದರೆ 16 ಲೀಟರ್ ಹಿಡಿಯುವ ಒಂದು ಕೊಡ ನೀರಿನಲ್ಲಿ 500 ಮಿಲಿಗ್ರಾಂನ ಒಂದು ಇಡೀ ಗುಳಿಗೆ! ದಿನವೊಂದಕ್ಕೆ ಹೊರಹೋಗುತ್ತಿದ್ದ ಈ ಒಂದೇ ಔಷಧದ ತೂಕ ಸುಮಾರು 45 ಕಿಲೋಗ್ರಾಂ.

2009ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ ಅದೇ ಪ್ರದೇಶದ ಕೆರೆಗಳ ನೀರಿನಲ್ಲಿ ನೆಗಡಿಯ ಗುಳಿಗೆ ಸೆಟ್ರಿಜಿನ್ ಲೀಟರಿಗೆ 1.2 ಮಿಲಿಗ್ರಾಂವರೆಗೆ ಸಿಕ್ಕಿತು. ಎಂಟು ಲೀಟರ್ ಕೆರೆ ನೀರಿಗೆ ಒಂದು ಗುಳಿಗೆಯ ಲೆಕ್ಕವಾಯಿತು. ಹಳ್ಳಿಯ ಬಾವಿಗಳ ನೀರಿನಲ್ಲಿಯೂ ಔಷಧದ ಶೇಷಗಳು ಕಂಡುಬಂದವು. ಆ ತ್ಯಾಜ್ಯ ಮೊದಲು ಇಸಕವಾಗು, ನಕ್ಕವಾಗು ಹಳ್ಳಗಳ ಮೂಲಕ ಮಂಜೀರಾ, ಗೋದಾವರಿಗಳತ್ತ ಹರಿಯುತ್ತಿತ್ತು. ಬಳಿಕ ಸುಮಾರು 18 ಕಿಲೋಮೀಟರ್ ಕೊಳವೆ ಮಾರ್ಗದ ಮೂಲಕ ಅದನ್ನು ನಗರದ ಒಳಚರಂಡಿಗೆ ಸೇರಿಸಿ ಅಂಬರ್‌ಪೇಟ ಶುದ್ಧೀಕರಣ ಘಟಕಕ್ಕೆ ಒಯ್ಯುವ ವ್ಯವಸ್ಥೆಯಾಯಿತು. ಅಂಬರ್‌ಪೇಟ ಘಟಕ ಮನೆಗಳ ಚರಂಡಿ ನೀರಿಗಾಗಿ ಕಟ್ಟಿದ್ದು. ಅಲ್ಲಿಂದ ಹೊರಬರುವ ನೀರು ಮೂಸಿ ನದಿಗೆ ಸೇರುತ್ತದೆ. ಆ ನದಿಯ ಕೆಳದಂಡೆಯಲ್ಲಿ ರೈತರು ಅದೇ ನೀರಿನಿಂದ ದನಗಳ ಹುಲ್ಲನ್ನೂ ಭತ್ತವನ್ನೂ ಬೆಳೆಯುತ್ತಾರೆ.

ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 104 ದೇಶಗಳ 258 ನದಿಗಳ 1,052 ಸ್ಥಳಗಳಲ್ಲಿ 61 ಔಷಧಗಳಿಗಾಗಿ ನಡೆದ ಪರೀಕ್ಷೆಯ ವರದಿ 2022ರಲ್ಲಿ ಹೊರಬಂತು. ಭಾರತದಿಂದ ದೆಹಲಿ ಮತ್ತು ಹೈದರಾಬಾದ್ ಅದರಲ್ಲಿ ಸೇರಿದ್ದವು. ಸುಮಾರು ಕಾಲು ಭಾಗದಷ್ಟು ಸ್ಥಳಗಳಲ್ಲಿ ಕನಿಷ್ಠ ಒಂದು ಔಷಧವಾದರೂ ಜಲಜೀವಿಗಳಿಗೆ ಸುರಕ್ಷಿತವೆನಿಸುವ ಮಿತಿಯನ್ನು ಮೀರಿತ್ತು. ಚರಂಡಿ ನೀರಿನ ಶುದ್ಧೀಕರಣ ದುರ್ಬಲವಾಗಿರುವ, ಔಷಧ ತಯಾರಿಕೆ ಹೆಚ್ಚಿರುವ ಊರುಗಳಲ್ಲಿಯೇ ಮಾಲಿನ್ಯ ಅಧಿಕ ಎಂಬುದು ಆ ವರದಿಯ ಸಾರ.

ಹಾಗಾದರೆ ನಮ್ಮ ಕೃಷ್ಣೆ?

“ಹೈದರಾಬಾದಿನ ಕೊಳೆ ನಮ್ಮ ನಲ್ಲಿಗೆ ಬರುತ್ತದೆಯೇ?” ಎಂದು ಅನೇಕ ಪೋಷಕರು ಕೇಳುತ್ತಾರೆ. ನಕ್ಷೆಯನ್ನು ನೋಡಿದರೆ ಉತ್ತರ ಸಿಗುತ್ತದೆ. ವಿಕಾರಾಬಾದಿನ ಅನಂತಗಿರಿ ಬೆಟ್ಟದಲ್ಲಿ ಹುಟ್ಟುವ ಮೂಸಿ, ಹೈದರಾಬಾದನ್ನು ಹಾದು, ನಲ್ಗೊಂಡ ಜಿಲ್ಲೆಯ ವಾಡಪಲ್ಲಿಯ ಬಳಿ ಕೃಷ್ಣೆಯನ್ನು ಸೇರುತ್ತದೆ. ಅದು ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರಗಳೆಲ್ಲವನ್ನೂ ದಾಟಿದ ಮೇಲಿನ ಸ್ಥಳ. ಆದುದರಿಂದ ಮೂಸಿಯ ನೀರು ಮಕ್ತಲ್, ಗದ್ವಾಲ್‌ಗಳಿಗೆ ಬರುವುದಿಲ್ಲ. ಬದಲಾಗಿ, ನಮ್ಮ ಊರ ಮುಂದೆ ಹರಿದ ಕೃಷ್ಣೆಯ ನೀರೇ ನಾಗಾರ್ಜುನಸಾಗರದಿಂದ ಹೈದರಾಬಾದಿನ ಮನೆಗಳಿಗೆ ಹೋಗುತ್ತದೆ.

ನಮ್ಮತ್ತ ಬರುವ ನಗರದ ನೀರು ಬೇರೆಯದು. ಪುಣೆಯ ಮುಳಾ–ಮುಠಾ ನದಿಗಳು ಭೀಮೆಯನ್ನು ಸೇರುತ್ತವೆ. ಭೀಮೆ ಉಜನಿ ಅಣೆಕಟ್ಟು, ಪಂಢರಪುರ, ಕಲಬುರಗಿ ಜಿಲ್ಲೆ, ಯಾದಗಿರಿಗಳನ್ನು ದಾಟಿ ನಮ್ಮ ಕೃಷ್ಣಾ ಮಂಡಲದ ಗಡಿಯಲ್ಲಿ, ತಂಗಡಗಿಯ ಬಳಿ ಕೃಷ್ಣೆಯೊಡನೆ ಕೂಡುತ್ತದೆ. ಎರಡೂ ನದಿಗಳ ನೀರು ಒಟ್ಟಾಗಿ ಜುರಾಲಾ ಜಲಾಶಯದಲ್ಲಿ ನಿಲ್ಲುತ್ತದೆ. 2009ರಲ್ಲಿ ಹಂದಿಜ್ವರವೆಂದು ಕರೆಯಲಾದ ಎಚ್1ಎನ್1 ಫ್ಲೂ ಭಾರತದಲ್ಲಿ ಮೊದಲು ದೃಢಪಟ್ಟದ್ದು ಮೇ ತಿಂಗಳಿನಲ್ಲಿ ಹೈದರಾಬಾದಿಗೆ ಬಂದಿಳಿದ ಪ್ರಯಾಣಿಕರೊಬ್ಬರಲ್ಲಿ. ಮೊದಲ ಸಾವು ಸಂಭವಿಸಿದ್ದು ಆಗಸ್ಟ್ ತಿಂಗಳಿನಲ್ಲಿ ಪುಣೆಯಲ್ಲಿ. ತೀರಿಹೋದವಳು ಶಾಲಾ ವಿದ್ಯಾರ್ಥಿನಿ. ಆ ದಿನಗಳಲ್ಲಿ ಪುಣೆಯ ಶಾಲೆಗಳು ಮುಚ್ಚಿದವು, ಸರಕಾರದ ಮೂಲಕ ಒಸೆಲ್ಟಾಮಿವಿರ್ ದೊಡ್ಡ ಪ್ರಮಾಣದಲ್ಲಿ ಹಂಚಿಕೆಯಾಯಿತು. ಆ ನಗರದ ಚರಂಡಿಗೆ ಇಳಿದುದರ ದಾರಿ ಯಾವುದೆಂದರೆ ಭೀಮೆಯ ದಾರಿಯೇ. ನೂರಾರು ಕಿಲೋಮೀಟರ್ ಹರಿವು, ಉಜನಿಯಂಥ ದೊಡ್ಡ ಜಲಾಶಯ, ಬಿಸಿಲು, ಮಳೆಗಾಲದ ಪ್ರವಾಹ ಇವೆಲ್ಲ ಶೇಷವನ್ನು ತೆಳುವಾಗಿಸುತ್ತವೆ. ಬೇಸಿಗೆಯಲ್ಲಿ ಹರಿವು ಕುಗ್ಗಿದಾಗ ತೆಳುವಾಗಿಸುವ ಶಕ್ತಿಯೂ ಕುಗ್ಗುತ್ತದೆ.

ಇನ್ನೂ ಹತ್ತಿರದ ಸಂಗತಿಯೊಂದಿದೆ. ನಮ್ಮ ಗಡಿಗೆ ಅಂಟಿಕೊಂಡಂತೆ ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಹಾಗೂ ಔಷಧ ಘಟಕಗಳಿವೆ. ದುರ್ವಾಸನೆ ಮತ್ತು ತ್ಯಾಜ್ಯದ ಬಗೆಗೆ ಸುತ್ತಲಿನ ಗ್ರಾಮಸ್ಥರು ದೂರು ಹೇಳುತ್ತಲೇ ಬಂದಿದ್ದಾರೆ. ಹಳ್ಳದ ನೀರಿಗೆ ರಾಜ್ಯದ ಗಡಿ ತಿಳಿಯದು. ಆದರೆ ಪರೀಕ್ಷೆ ಮಾಡಬೇಕಾದ ಮಂಡಳಿಗಳು ಎರಡು: ಆಚೆ ಕರ್ನಾಟಕದ್ದು, ಈಚೆ ತೆಲಂಗಾಣದ್ದು. ಗಡಿಯ ಜನ ದೂರನ್ನು ಎರಡೂ ಕಡೆಗೆ ಕೊಡುವುದು ಒಳ್ಳೆಯದು.

ಕುಡಿಯುವವರಿಗೆ ಅಪಾಯವಿದೆಯೇ?

ಅನಗತ್ಯ ಭಯ ಬೇಡ. ಕುಡಿಯುವ ನೀರಿನಲ್ಲಿ ಅತಿ ಸೂಕ್ಷ್ಮ ಪ್ರಮಾಣದಲ್ಲಿ ಕಾಣುವ ಔಷಧ ಶೇಷಗಳಿಂದ ಮನುಷ್ಯರ ಆರೋಗ್ಯಕ್ಕೆ ನೇರ ಹಾನಿಯಾಗುವ ಸಂಭವ ತೀರಾ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರ ವರದಿಯಲ್ಲಿ ತಿಳಿಸಿದೆ. ನಿಜವಾದ ಅಪಾಯ ಎರಡು ಬಗೆಯದು. ಒಂದು, ಮೀನು ಮುಂತಾದ ಜಲಚರಗಳು ದಿನವಿಡೀ ಆ ನೀರಿನಲ್ಲಿಯೇ ಬದುಕುವುದರಿಂದ ಅವುಗಳಿಗೆ ತಗಲುವ ಹಾನಿ. ಎರಡು, ಪ್ರತಿಜೈವಿಕಗಳಿರುವ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದ ಗುಣವನ್ನು ಬೆಳೆಸಿಕೊಳ್ಳುವುದು. ಎರಡನೆಯದು ನಮ್ಮ ಮನೆಯ ಬಾಗಿಲಿಗೇ ಬರುತ್ತದೆ. ಅಂಥ ಬ್ಯಾಕ್ಟೀರಿಯಾ ತಗಲಿದ ಮಗುವಿಗೆ ಸಾಮಾನ್ಯ ಗುಳಿಗೆ ನಾಟುವುದಿಲ್ಲ. ರಾಯಚೂರಿಗೋ ಮಹಬೂಬನಗರಕ್ಕೋ ಹೈದರಾಬಾದಿಗೋ ಕರೆದೊಯ್ದು ದುಬಾರಿ ಸೂಜಿಮದ್ದು ಕೊಡಿಸಬೇಕಾಗುತ್ತದೆ.

ನೀರನ್ನು ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ; ಔಷಧದ ಶೇಷ ಹೋಗುವುದಿಲ್ಲ. ಆದರೂ ಕುದಿಸುವುದನ್ನು ಬಿಡಬಾರದು, ಏಕೆಂದರೆ ನಮ್ಮ ಮಕ್ಕಳನ್ನು ಇಂದು ಕಾಡುತ್ತಿರುವುದು ವಾಂತಿಭೇದಿಯ ರೋಗಾಣುಗಳೇ.

ಕಾನೂನು ಏನು ಹೇಳುತ್ತದೆ?

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಕೀಟನಾಶಕಗಳಿಗೆ ಮಿತಿಯುಂಟು. ಔಷಧದ ಶೇಷಗಳಿಗೆ ಮಿತಿಯಿಲ್ಲ. ಔಷಧ ಕಾರ್ಖಾನೆಗಳ ತ್ಯಾಜ್ಯದಲ್ಲಿ ಪ್ರತಿಜೈವಿಕಗಳಿಗೆ ಮಿತಿ ಹಾಕುವ ಕರಡನ್ನು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಪ್ರಕಟಿಸಿತು. 2021ರ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಮಿತಿಗಳು ಅದರಲ್ಲಿರಲಿಲ್ಲ. ಪ್ರತಿಜೈವಿಕ ತಯಾರಿಕೆಯ ತ್ಯಾಜ್ಯದ ಬಗೆಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿಗೆ ಮಾರ್ಗಸೂಚಿ ಹೊರಡಿಸಿದೆ. ಆಸ್ಪತ್ರೆಗಳು ಅವಧಿ ಮೀರಿದ ಔಷಧವನ್ನು ಹೇಗೆ ವಿಲೇವಾರಿ ಮಾಡಬೇಕೆಂಬುದನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ವಿಧಿಸಿವೆ. ಕೇರಳದಲ್ಲಿ ಮನೆಗಳಲ್ಲಿ ಉಳಿದ ಔಷಧಗಳನ್ನು ಸಂಗ್ರಹಿಸುವ ಯೋಜನೆ 2025ರಲ್ಲಿ ಕೋಝಿಕ್ಕೋಡಿನಿಂದ ಆರಂಭವಾಗಿದೆ. ಅಂಥದೊಂದು ವ್ಯವಸ್ಥೆ ನಮ್ಮ ಮಂಡಲ ಕೇಂದ್ರಗಳಿಗೂ ಬೇಕು.

ನಮ್ಮ ಭಾಷೆಯಲ್ಲಿ ತಿಳಿಯುವ ಹಕ್ಕು

ಗುಳಿಗೆಯ ಪಟ್ಟಿಯ ಮೇಲಿನ ಬರಹ ಇಂಗ್ಲಿಷಿನಲ್ಲಿ, ದವಾಖಾನೆಯ ಗೋಡೆಯ ಬರಹ ತೆಲುಗಿನಲ್ಲಿ. ಮನೆಯಲ್ಲಿಯೂ ಶಾಲೆಯಲ್ಲಿಯೂ ಕನ್ನಡ ಓದುವ ತಾಯಿ ಇವೆರಡರ ನಡುವೆ ಊಹೆಯಿಂದ ಮಗುವಿಗೆ ಔಷಧ ಕೊಡಬೇಕಾಗುತ್ತದೆ. ಒಮ್ಮೆ ಆರೋಗ್ಯ ಕೇಂದ್ರವೊಂದಕ್ಕೆ ಕನ್ನಡದಲ್ಲಿ ಮನವಿ ಬರೆದುಕೊಟ್ಟಾಗ “ತೆಲುಗಿನಲ್ಲಿ ಬರೆದು ತನ್ನಿ” ಎಂದು ನಮ್ಮನ್ನು ಹಿಂದಕ್ಕೆ ಕಳುಹಿಸಿದ್ದುಂಟು. ಅಂದು ನಾವು ಸುಮ್ಮನೆ ಮರಳಿದೆವು. ಇಂದು ಮರಳುವುದಿಲ್ಲ. ಸಂವಿಧಾನದ 350ನೆಯ ವಿಧಿಯ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ತನ್ನ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. 350ಎ ವಿಧಿ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯದ ಬಗ್ಗೆಯೂ, 350ಬಿ ಭಾಷಿಕ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಬಗ್ಗೆಯೂ ಹೇಳುತ್ತವೆ. ಹೊಸ ಕಾರ್ಖಾನೆಗಾಗಿ ಸಾರ್ವಜನಿಕ ಅಹವಾಲು ಸಭೆ ನಡೆದಾಗ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕೆಂದು 2006ರ ಪರಿಸರ ಪರಿಣಾಮ ಅಧಿಸೂಚನೆ ಹೇಳುತ್ತದೆ. ಕನ್ನಡ ಮಾತನಾಡುವ ಹಳ್ಳಿಗಳಲ್ಲಿ ಅದು ಕನ್ನಡದಲ್ಲಿಯೂ ದೊರೆಯಬೇಕೆಂದು ನಾವು ಕೇಳಬೇಕು.

ಪೋಷಕರು ಪಾಲಿಸಬೇಕಾದ ಕ್ರಮಗಳು

1. ನೆಗಡಿ, ಸಾಮಾನ್ಯ ಫ್ಲೂಗೆ ವೈದ್ಯರು ಹೇಳದೆ ಪ್ರತಿಜೈವಿಕ ಕೊಳ್ಳಬೇಡಿರಿ. ಇಂಗ್ಲಿಷ್ ಬಾರದವರೂ ಅದನ್ನು ಗುರುತಿಸಬಹುದು: ಪಟ್ಟಿಯ ಹಿಂಭಾಗದಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧ.

2. ವೈದ್ಯರು ಬರೆದುಕೊಟ್ಟ ಔಷಧವನ್ನು ಹೇಳಿದಷ್ಟು ದಿನ ತಪ್ಪದೆ ಕೊಡಿರಿ. ನದಿಯ ಚಿಂತೆಯಿಂದ ಮಗುವಿನ ಔಷಧ ನಿಲ್ಲಿಸುವುದು ತಪ್ಪು. ಉಸಿರಾಟಕ್ಕೆ ಕಷ್ಟ, ಎಚ್ಚರ ತಪ್ಪುವಿಕೆ, ನೀರೂ ಕುಡಿಯದ ಸ್ಥಿತಿ ಕಂಡರೆ ಕೂಡಲೇ ದವಾಖಾನೆಗೆ ಕರೆದೊಯ್ಯಿರಿ.

3. ಬೇಕಾದಷ್ಟೇ ಕೊಳ್ಳಿರಿ. ಉಳಿದ ಗುಳಿಗೆಯನ್ನು ನೆರೆಮನೆಯ ಮಗುವಿಗೆ ಕೊಡಬೇಡಿರಿ.

4. ಉಳಿದ ಔಷಧವನ್ನು ಬಚ್ಚಲು, ಶೌಚಾಲಯ, ಬಾವಿ, ಕೆರೆ, ಕಾಲುವೆಗಳಿಗೆ ಹಾಕಬೇಡಿರಿ; ಒಲೆಯಲ್ಲಿ ಸುಡಬೇಡಿರಿ. ಶೌಚಾಲಯಕ್ಕೆ ಹಾಕಬಹುದೆಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಪಟ್ಟಿ ಮಾಡಿದ 17 ಔಷಧಗಳು ಮಾರ್ಫಿನ್, ಟ್ರಮಡಾಲ್‌ನಂಥವು. ನೆಗಡಿ–ಜ್ವರದ ಗುಳಿಗೆಗಳು ಅದರಲ್ಲಿಲ್ಲ.

5. ಅವಧಿ ಮೀರಿದ ಔಷಧವನ್ನು ತೆಗೆದುಕೊಳ್ಳುವಂತೆ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ಔಷಧದ ಅಂಗಡಿಯನ್ನೂ ಕೇಳಿರಿ. ಅಲ್ಲಿಯವರೆಗೆ ಮಕ್ಕಳ ಕೈಗೆ ಸಿಗದಂತೆ ಡಬ್ಬಿಯಲ್ಲಿ ಮುಚ್ಚಿಡಿರಿ.

6. ಹಳ್ಳದ ನೀರಿನ ಬಣ್ಣ, ನೊರೆ, ವಾಸನೆ ಬದಲಾದರೆ, ಮೀನು ಸತ್ತು ತೇಲಿದರೆ, ದಿನಾಂಕ ಮತ್ತು ಸ್ಥಳದೊಡನೆ ಬರೆದಿಟ್ಟು ಗ್ರಾಮ ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕನ್ನಡದಲ್ಲಿಯೇ ದೂರು ಕೊಡಿರಿ, ಸ್ವೀಕೃತಿ ಪಡೆಯಿರಿ.

ಆ ಬಾಲಕಿಯ ಪ್ರಶ್ನೆಗೆ ನಾವು ಮರುವಾರ ಕಪ್ಪುಹಲಗೆಯ ಮೇಲೆ ನಕ್ಷೆ ಬರೆದು ಉತ್ತರ ಕೊಟ್ಟೆವು: ಮನೆ, ಚರಂಡಿ, ಹಳ್ಳ, ಭೀಮೆ, ಕೃಷ್ಣೆ, ಜುರಾಲಾ, ಮತ್ತೆ ನಲ್ಲಿ. ಮಕ್ಕಳು ಅದನ್ನು ಪಟ್ಟಿಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡರು. ಮುಂದಿನ ತಿಂಗಳ ಪೋಷಕರ ಸಭೆಯಲ್ಲಿ ಅದೇ ನಕ್ಷೆಯನ್ನು ಮನೆಯವರಿಗೂ ತೋರಿಸಲಿದ್ದೇವೆ. ಮನೆಯಲ್ಲಿ ಉಳಿದಿರುವ ಗುಳಿಗೆಗಳ ಪಟ್ಟಿಯನ್ನು ಬರೆದುಕೊಂಡು ಬನ್ನಿರಿ; ಆರೋಗ್ಯ ಕೇಂದ್ರಕ್ಕೆ ಸಲ್ಲಿಸುವ ಮನವಿಗೆ ಅದನ್ನು ಲಗತ್ತಿಸೋಣ.